ಮೈಲುತುತ್ತದ ನೀರು, ಅಡಿಕೆ ಸಿಪ್ಪೆ ಮತ್ತು ನಮ್ಮ ಹಸು
(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಾಲು ಉತ್ಪಾದಕರಿಗಾಗಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮಲೆನಾಡಿನಲ್ಲಿ ತೋಟದ ಹುಲ್ಲು, ಹಾಳೆ ಹಸುವಿಗೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಹಾಗಾಗಿ ಅಡಿಕೆಗೆ ಹೊಡೆದ ಔಷಧ ಕೊಟ್ಟಿಗೆಗೂ ದಾರಿ ಹುಡುಕುತ್ತದೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಡಾ. ಲೆಸ್ಲಿ ಕೋಲ್ಮನ್. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕುತ್ತೇವೆ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದರೆ ಪ್ರತಿ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಮಾತ್ರ. ಡ್ರಮ್ಮು ತೊಳೆದ ನೀರು ಬಾವಿಗೋ ಹಳ್ಳಕ್ಕೋ ಸೇರಿದರೆ ಏನಾದೀತೆಂದು ನೀವೇ ಯೋಚಿಸಿ.

ತಾಮ್ರ ಹಸುವಿಗೆ ಅಲ್ಪ ಪ್ರಮಾಣದಲ್ಲಿ ಬೇಕು. ಖನಿಜ ಮಿಶ್ರಣದಲ್ಲಿಯೂ ಅದಿದೆ, ಅದನ್ನು ನಿಲ್ಲಿಸಬೇಡಿ. ಹೆಚ್ಚಾದದ್ದು ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಶೇಖರವಾಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಮೇವು ಬಿಡುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು. ಕುರಿಗಳಿಗೆ ಅಪಾಯ ಅತಿ ಹೆಚ್ಚು; ದೊಡ್ಡ ಹಸುಗಳಿಗಿಂತ ಕರುಗಳಿಗೆ ಹೆಚ್ಚು. ಉಣ್ಣೆ ಜ್ವರದಲ್ಲೂ ಮೂತ್ರ ಕೆಂಪಾಗುವುದರಿಂದ ವೈದ್ಯರಿಗೆ ಔಷಧ ಹೊಡೆದ ದಿನವನ್ನೂ ತಿಳಿಸಿ.

ಇನ್ನು ಸಿಪ್ಪೆಯ ವಿಷಯ. ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ತೆಂಗಿನ ಚಿಪ್ಪಿನ ಇದ್ದಿಲು ನೀರಿನಲ್ಲಿ ಕರಗಿದ ಲೋಹವನ್ನು ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಹುಳಿ ನೀರಿನಲ್ಲಿ ಈ ಶಕ್ತಿ ಕಡಿಮೆ. ಆದ್ದರಿಂದ ಹೀಗೆ ಮಾಡಿ:

1. ಬಾವಿ, ಹಳ್ಳ, ಕಲಗಚ್ಚಿನ ತೊಟ್ಟಿಯಿಂದ ದೂರದಲ್ಲಿ ದ್ರಾವಣ ಕಲಸಿ. ಉಳಿದದ್ದನ್ನು ಮರಗಳಿಗೇ ಹೊಡೆದು ಮುಗಿಸಿ.

2. ತೊಳೆದ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿಯಿರಿ. ಹೊಳೆಯುವ ಕತ್ತಿಯನ್ನು ಅದ್ದಿ ನೋಡಿ. ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಹಾಕಿ. ರಾತ್ರಿ ಕಳೆದರೆ ನೀಲಿ ಗಸಿ ತಳಕ್ಕೆ ಇಳಿಯುತ್ತದೆ.

3. ಮೇಲಿನ ತಿಳಿಯನ್ನು ಮರಳು, ಇದ್ದಿಲು ಮತ್ತು ತೊಳೆದ ಸಿಪ್ಪೆ ತುಂಬಿದ, ತಳದಲ್ಲಿ ತೂತಿರುವ ಇನ್ನೊಂದು ಡ್ರಮ್ಮಿನ ಮೂಲಕ ನಿಧಾನವಾಗಿ ಬಿಡಿ. ಹೊರಬಂದ ನೀರು ಬಣ್ಣವಿಲ್ಲದಿದ್ದರೂ ಜನರಿಗಾಗಲಿ ದನಕ್ಕಾಗಲಿ ಕುಡಿಯಲು ಕೊಡಬೇಡಿ.

ಮುಖ್ಯ ಮಾತು ಇಲ್ಲಿದೆ. ಸಿಪ್ಪೆ ಹಿಡಿದ ತಾಮ್ರ ಮಾಯವಾಗುವುದಿಲ್ಲ, ಸಿಪ್ಪೆಯಲ್ಲೇ ಇರುತ್ತದೆ. ಆ ಸಿಪ್ಪೆಯನ್ನು ಕೊಟ್ಟಿಗೆಗೆ ಹಾಸಿದರೆ, ಗೊಬ್ಬರದ ಗುಂಡಿಗೆ ಎಸೆದರೆ, ಬಚ್ಚಲ ಒಲೆಗೆ ತುಂಬಿದರೆ ತಾಮ್ರ ಬೂದಿಯಲ್ಲೋ ಗೊಬ್ಬರದಲ್ಲೋ ಮರಳಿ ಬರುತ್ತದೆ. ಗಸಿ ಮತ್ತು ಸಿಪ್ಪೆ ಎರಡನ್ನೂ ಪ್ಲಾಸ್ಟಿಕ್ ಹಾಸಿದ, ಮಳೆನೀರು ನುಗ್ಗದ ಗುಂಡಿಯಲ್ಲಿ ಮುಚ್ಚಿಡಿ.

ಔಷಧದ ನೀಲಿ ಕಲೆ ಕಾಣುವ ಹುಲ್ಲನ್ನಾಗಲಿ ಹಾಳೆಯನ್ನಾಗಲಿ ಹಸುವಿನ ಮುಂದೆ ಹಾಕಬೇಡಿ. ಈ ಸಲದ ಮಳೆಗಾಲಕ್ಕೆ ಮೊದಲೇ ಎರಡು ಹಳೆಯ ಡ್ರಮ್ಮುಗಳನ್ನು ಎತ್ತಿಟ್ಟುಕೊಳ್ಳಿ. ಖರ್ಚು ಅಲ್ಪ, ಉಳಿಯುವುದು ಬಾವಿಯ ನೀರು ಮತ್ತು ಕೊಟ್ಟಿಗೆಯ ಕರು.