ಬಂದೂಕಿನ ಚಿಲಕ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಂಡಿತವೃತ್ತಿಯ ನಾವು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಮಾತನಾಡುವೆವೆಂದು ತಾವು ನಿರೀಕ್ಷಿಸಿದ್ದಿರಬಹುದು. ಈ ದಿನ ನಾವು ಆರಿಸಿಕೊಂಡ ವಿಷಯ ಬಂದೂಕಿನ ಬೋಲ್ಟು. ಸೂಲೂರಿನ ವಾಯುನೆಲೆಗೆ ಸಮೀಪದ ಈ ಕರುಮತ್ತಂಪಟ್ಟಿಯ ಸುತ್ತ, ಮಗ್ಗದ ಮನೆಗಳಲ್ಲಿ ಕನ್ನಡವಾಡುವ ಮಕ್ಕಳು ಬೀದಿಯಲ್ಲಿ ತಮಿಳನ್ನೂ ಎನ್.ಸಿ.ಸಿ. ಕವಾಯತಿನಲ್ಲಿ ಹಿಂದಿಯನ್ನೂ ಕೇಳುತ್ತಾರೆ. ಯಂತ್ರದ ಮಾತು ಮನೆಮಾತಿನಲ್ಲಿ ಒಮ್ಮೆಯಾದರೂ ಅವರ ಕಿವಿಗೆ ಬೀಳಬೇಕೆಂಬುದು ನಮ್ಮ ಆಸೆ. ಕಾರಣವನ್ನು ಕೊನೆಯಲ್ಲಿ ಅರಿಕೆಮಾಡುತ್ತೇವೆ.

ಎನ್.ಸಿ.ಸಿ. ಸ್ಥಾಪಿತವಾದುದು 1948ರಲ್ಲಿ. ಅದರ ಹುಡುಗರು ಬಹುಕಾಲ ಹೊತ್ತದ್ದು ‘ತ್ರೀ ನಾಟ್ ತ್ರೀ’ ಎಂದು ಹೆಸರಾದ ಲೀ-ಎನ್‌ಫೀಲ್ಡ್ ಬಂದೂಕು. ನಳಿಗೆಯ ಒಳ ಅಗಲ ಅಂಗುಲದ ಸಾವಿರ ಪಾಲಿನಲ್ಲಿ 303 ಪಾಲು. ಹೆಸರು ಬಂದುದು ಅದರಿಂದ. 1907ರಲ್ಲಿ ಬ್ರಿಟಿಷ್ ಸೈನ್ಯವು ಒಪ್ಪಿದ ಮಾದರಿಯನ್ನು ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಿಸಿದರು. 1962ರ ಚೀನಾ ಯುದ್ಧದಲ್ಲಿ ನಮ್ಮ ಯೋಧರ ಕೈಯಲ್ಲಿದ್ದುದು ಹೆಚ್ಚಾಗಿ ಈ ಬಂದೂಕೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದುದು 2020ರ ಗಣರಾಜ್ಯೋತ್ಸವದಂದು. ತೂಕ ಸುಮಾರು 4 ಕಿಲೋ. ಎಳೆಯ ಹೆಗಲಿಗೆ ಅದೆಷ್ಟೆಂಬುದನ್ನು ಹೊತ್ತವನೇ ಬಲ್ಲ.

ಬೋಲ್ಟೆಂದರೆ ಚಿಲಕವೇ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆಯಬೇಕು, ಮುಂದೂಡಿ ಕೆಳಗಿಳಿಸಬೇಕು. ಮುಂದೆ ಹೋಗುವಾಗ ಅದು ತೋಟೆಯನ್ನು ನಳಿಗೆಗೆ ಸೇರಿಸುತ್ತದೆ. ಹಿಂದೆ ಬರುವಾಗ ಅದರ ತಲೆಯ ಕೊಕ್ಕೆಯು ಖಾಲಿ ತೋಟೆಯನ್ನು ಎಳೆದು ತರುತ್ತದೆ.

ಶುಚಿಮಾಡುವ ಮೊದಲು ಒಳಗೆ ತೋಟೆಯಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಬೇಕು. ಬಳಿಕ ಚಿಲಕವನ್ನು ತಡೆಯುವವರೆಗೆ ಹಿಂದಕ್ಕೆ ತಂದು, ಅದರ ತಲೆಯನ್ನು ಬೆರಳಿನಿಂದ ಮೇಲೆತ್ತಿದರೆ ಟಕ್ಕನೆ ಹಿಡಿತ ಬಿಟ್ಟು ಕೈಗೆ ಬರುತ್ತದೆ. ತಲೆಯನ್ನು ತಿರುಪಿ ಬಿಚ್ಚಬಹುದು. ಅದಕ್ಕೂ ಒಳಗಿನ ಮೊಳೆ, ಸ್ಪ್ರಿಂಗುಗಳನ್ನು ತೆಗೆಯಲು ಬೇರೆ ಸಲಕರಣೆ ಬೇಕು. ಅದು ಶಸ್ತ್ರಾಗಾರದ ಕುಶಲಕರ್ಮಿಯ ಕೆಲಸ, ಹುಡುಗರದಲ್ಲ. ಹಳೆಯ ತೋಟೆಗಳ ಸಿಡಿಮದ್ದು ನಳಿಗೆಯಲ್ಲಿ ಉಪ್ಪನ್ನು ಉಳಿಸುತ್ತಿತ್ತು. ಉಪ್ಪು ತೇವವನ್ನೆಳೆದು ಉಕ್ಕನ್ನು ತಿನ್ನುತ್ತದೆ; ಎಣ್ಣೆಗೆ ಅದು ಕರಗದು. ಆದುದರಿಂದ ಗುಂಡು ಹಾರಿಸಿದ ನಳಿಗೆಗೆ ಕುದಿನೀರು ಹೊಯ್ದು, ಚಿಂದಿಯಿಂದ ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ಚಿಲಕದಲ್ಲಿ ಕೊಳೆ ಅಡಗುವುದು ತಲೆಯ ಮುಖದಲ್ಲಿ, ಕೊಕ್ಕೆಯ ಸಂದಿನಲ್ಲಿ. ನೆಯ್ಗೆಯವರಿಗೆ ಇದನ್ನು ಹೇಳಬೇಕಿಲ್ಲ; ಲಾಳಿಯ ಮೈಯಲ್ಲಿ ಒಂದು ಸಿಬಿರೆದ್ದರೆ ಎಷ್ಟು ಎಳೆ ಹರಿಯುವುದೆಂದು ತಾವೇ ಬಲ್ಲಿರಿ. ಎಣ್ಣೆ ತೆಳುವಾಗಿರಬೇಕು, ಹೆಚ್ಚಾದರೆ ಧೂಳನ್ನು ಕರೆದು ಕೂಡಿಸಿಕೊಳ್ಳುತ್ತದೆ.

ಮರಳಿ ಜೋಡಿಸುವಾಗ ತಲೆಯನ್ನು ಪೂರ್ತಿ ತಿರುಪಿ, ಚಿಲಕದ ಬೆನ್ನಿನ ಉಬ್ಬುಗೆರೆಗೆ ನೇರವಾಗಿ ನಿಲ್ಲಿಸಿ, ಒಳಗೆ ನೂಕಿ ಅದುಮಬೇಕು. ಆದರೆ ಅದಕ್ಕೂ ಮೊದಲು ನೋಡಬೇಕಾದುದು ಸಂಖ್ಯೆ. ಹಿಡಿಯ ಬುಡದಲ್ಲಿ ಒತ್ತಿದ ಸಂಖ್ಯೆಯೂ ಬಂದೂಕಿನ ಮೈಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಪ್ರತಿಯೊಂದು ಚಿಲಕವನ್ನೂ ಅದರದೇ ಬಂದೂಕಿಗೆ ಹೊಂದಿಸಿರುತ್ತಾರೆ. ಬೇರೆಯದು ಕೂಡ ಸಲೀಸಾಗಿ ಮುಚ್ಚೀತು, ಅಪಾಯವಿರುವುದೇ ಅಲ್ಲಿ. ಚಿಲಕಕ್ಕೂ ತೋಟೆಗೂ ನಡುವಣ ತೆರಪು ಮಿತಿಮೀರಿದರೆ ತೋಟೆಯು ಸೀಳಿ, ಬೆಂಕಿಯಂಥ ಗಾಳಿ ಹಾರಿಸುವವನ ಮುಖಕ್ಕೆ ನುಗ್ಗಬಹುದು.

ನಾವು ವಿದ್ಯಾರ್ಥಿಯಾಗಿದ್ದಾಗ ಒಂದು ಶಿಬಿರದಲ್ಲಿ ಸಂಜೆ ಜಮಖಾನದ ಮೇಲೆ ಎಲ್ಲರ ಚಿಲಕಗಳೂ ಹರಡಿದ್ದವು. ಸಂಖ್ಯೆ ನೋಡಿ ಜೋಡಿಸಿರೆಂದು ಉಸ್ತಾದರು ಹಿಂದಿಯಲ್ಲಿ ಅಪ್ಪಣೆಮಾಡಿದರು. ನಮಗೆ ತಿಳಿಯಲಿಲ್ಲ. ತಿಳಿಯಿತೆಂದು ತಲೆಯಾಡಿಸಿ, ಕೈಗೆ ಸಿಕ್ಕುದನ್ನು ಹಾಕಿದೆವು, ಅದು ಹೊಂದಿಕೊಂಡಿತು. ಕೇವಲ ಕವಾಯತಿನ ಬಂದೂಕಾದ್ದರಿಂದ ಅನಾಹುತವಾಗಲಿಲ್ಲ. ಉಸ್ತಾದರು ಬೈಯಲಿಲ್ಲ. ನಮ್ಮ ಬೆರಳನ್ನು ಹಿಡಿದು ಬಂದೂಕಿನ ಅಂಕಿಗಳ ಮೇಲೆ ಆಡಿಸಿ, ಓದೆಂದು ಸನ್ನೆಮಾಡಿದರು. ನಾವು ಕನ್ನಡದಲ್ಲಿಯೇ ಓದಿದೆವು. ಅನಂತರ ಚಿಲಕದ ಅಂಕಿಗಳನ್ನು ಓದಿಸಿದರು. ಕನ್ನಡವನ್ನರಿಯದ ಆ ಹಿರಿಯರು ಒಂದೊಂದು ಅಂಕಿಗೂ ತಲೆದೂಗುತ್ತ ಬಂದು, ಕೊನೆಯದು ಬೇರೆಯಾದಾಗ ನಮ್ಮ ಬೆರಳನ್ನು ಅಲ್ಲಿಯೇ ಒತ್ತಿ ಹಿಡಿದರು.