ಪೇಸ್‌ಮೇಕರ್ ತಂತಿಯ ತುದಿ: ಮೊದಲ ಆರು ವಾರ ಎಚ್ಚರವಿರಲಿ



ಪೇಸ್‌ಮೇಕರ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಬ್ಯಾಟರಿ ಎಷ್ಟು ವರ್ಷ ಬರುತ್ತದೆ?" ಎಂಬುದು. ಹೆಚ್ಚಾಗಿ 8ರಿಂದ 12 ವರ್ಷ ಬರುತ್ತದೆ. ಆದರೆ ಈಗ ನೀವು ಕಾಪಾಡಬೇಕಾದದ್ದು ತಂತಿಯ ತುದಿಯನ್ನು.

ಹೆಗಲ ಕೆಳಗೆ ಚರ್ಮದಡಿ ಇರುವ ಪುಟ್ಟ ಪೆಟ್ಟಿಗೆಯಿಂದ ಸುಮಾರು ಅರ್ಧ ಮೀಟರ್ ಉದ್ದದ ತಂತಿ ರಕ್ತನಾಳದ ಮೂಲಕ ಹೃದಯದ ಬಲಭಾಗಕ್ಕೆ ಹೋಗುತ್ತದೆ. ಅದರ ತುದಿಯಲ್ಲಿರುವ ಲೋಹದ ಭಾಗವೇ ಎಲೆಕ್ಟ್ರೋಡ್. ಹೃದಯ ತಾನಾಗಿ ಬಡಿಯುತ್ತಿದೆಯೇ ಎಂಬುದು ಇದರ ಮೂಲಕವೇ ಪೆಟ್ಟಿಗೆಗೆ ತಿಳಿಯುತ್ತದೆ. ಬಡಿಯದಿದ್ದರೆ ಪ್ರಚೋದನೆ ಹೋಗುವುದೂ ಇದರಿಂದಲೇ.

ಈ ತುದಿಯನ್ನು ರೂಪಿಸುವುದು ಸುಲಭವಲ್ಲ. ಚಿಕ್ಕದಾಗಿದ್ದರೆ ಬ್ಯಾಟರಿ ಉಳಿಯುತ್ತದೆ. ಆದರೆ ಹೃದಯದ ಸಂಕೇತ ಸರಿಯಾಗಿ ತಿಳಿಯಲು ಹೆಚ್ಚು ಮೇಲ್ಮೈ ಬೇಕು. ಆದ್ದರಿಂದ ಪ್ಲಾಟಿನಂ ಮಿಶ್ರಲೋಹದ ಚಿಕ್ಕ ತುದಿಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಉಬ್ಬುತಗ್ಗುಗಳ ಲೇಪನ ಕೊಡುತ್ತಾರೆ. ಹೊಸ ವಸ್ತು ತಾಗಿದಾಗ ಹೃದಯದ ಸ್ನಾಯು ಊದಿಕೊಳ್ಳುತ್ತದೆ. ಅದನ್ನು ತಡೆಯಲು 1980ರ ದಶಕದಿಂದ ತುದಿಯಲ್ಲೇ ಅತ್ಯಲ್ಪ ಸ್ಟಿರಾಯ್ಡ್ ಔಷಧವನ್ನು ಇಡುವ ಪದ್ಧತಿ ಬಂದಿದೆ. ತುದಿ ಜಾರದಂತೆ ಹಿಡಿಯಲು ಪುಟ್ಟ ತಿರುಪು ಅಥವಾ ಮೆತ್ತನೆಯ ಕೊಕ್ಕೆಗಳಿರುತ್ತವೆ. ದಿನಕ್ಕೆ ಸುಮಾರು 1 ಲಕ್ಷ ಬಡಿತಕ್ಕೂ ತಂತಿ ಬಾಗುತ್ತಲೇ ಇರಬೇಕು, ಮುರಿಯಬಾರದು.

1958ರಲ್ಲಿ ಸ್ವೀಡನ್ನಿನಲ್ಲಿ ಅರ್ನೆ ಲಾರ್ಸನ್ ಎಂಬುವರಿಗೆ ಮೊದಲ ಪೇಸ್‌ಮೇಕರ್ ಅಳವಡಿಸಿದಾಗ ಎದೆಯನ್ನೇ ತೆರೆದು ಎಲೆಕ್ಟ್ರೋಡನ್ನು ಹೃದಯಕ್ಕೆ ಹೊಲಿಯಬೇಕಾಯಿತು. ಆ ಸಾಧನ ಕೆಲವೇ ಗಂಟೆಗಳಲ್ಲಿ ನಿಂತಿತು. ಆದರೂ ಬೇರೆ ಬೇರೆ ಸಾಧನಗಳ ನೆರವಿನಿಂದ ಅವರು 2001ರವರೆಗೆ, 86 ವರ್ಷ ಬಾಳಿದರು.

ಇಂದು ತಂತಿಯನ್ನು ಎಷ್ಟೇ ಚೆನ್ನಾಗಿ ಮಾಡಿದ್ದರೂ ತುದಿಯ ಸುತ್ತ ಮಾಂಸ ಬೆಳೆದು ಅದು ಗಟ್ಟಿಯಾಗಲು ಕೆಲವು ವಾರ ಬೇಕು. ಆದ್ದರಿಂದ ವೈದ್ಯರು ಬೇರೆ ಹೇಳದ ಹೊರತು ಆರು ವಾರ:

• ಪೇಸ್‌ಮೇಕರ್ ಇರುವ ಕಡೆಯ ಕೈಯನ್ನು ಹೆಗಲಿಗಿಂತ ಮೇಲೆತ್ತಬೇಡಿ. ಮತ್ತಿಕೆರೆಯಿಂದ ಬಸ್ಸಿನಲ್ಲಿ ಹೋಗುವಾಗ ಮೇಲಿನ ಕಂಬಿಯನ್ನು ಆ ಕೈಯಲ್ಲಿ ಹಿಡಿಯಬೇಡಿ. ಬಟ್ಟೆ ಒಣಹಾಕುವುದು, ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತುವುದು ಬೇಡ.

• ಹಾಗೆಂದು ಕೈಯನ್ನು ಕಟ್ಟಿಹಾಕಿದಂತೆ ಇಡಬೇಡಿ, ಹೆಗಲು ಬಿಗಿದುಕೊಳ್ಳುತ್ತದೆ. ಊಟ, ಬಟ್ಟೆ ತೊಡುವುದು, ನಿಧಾನ ನಡಿಗೆ ಎಲ್ಲ ಮಾಡಬಹುದು.

• ಬಂಧುಗಳು ರೋಗಿಯನ್ನು ಆ ಕೈ ಹಿಡಿದೆಳೆದು ಎಬ್ಬಿಸಬಾರದು. ಬೆನ್ನಿಗೆ ಆಸರೆ ಕೊಡಿ.

ತಲೆ ಸುತ್ತು, ಪ್ರಜ್ಞೆ ತಪ್ಪುವುದು, ನಿಲ್ಲದ ಬಿಕ್ಕಳಿಕೆ, ಗಾಯದಲ್ಲಿ ಕೆಂಪು, ಊತ, ಕೀವು, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಬನ್ನಿ. "ನಾಳೆ ನೋಡೋಣ" ಎನ್ನಬೇಡಿ. ಬಿಕ್ಕಳಿಕೆಯೂ ತುದಿ ಜಾರಿದ ಸೂಚನೆ ಇರಬಹುದು.

ಚೆನ್ನಾಗಿದ್ದೇವೆಂದು ತಪಾಸಣೆ ತಪ್ಪಿಸಬೇಡಿ. ತುದಿ ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದು ಅಲ್ಲಿಯೇ. ಪೇಸ್‌ಮೇಕರ್ ಕಾರ್ಡ್ ಸದಾ ಜೊತೆಯಲ್ಲಿರಲಿ, ಎಂ.ಆರ್.ಐ. ಮಾಡಿಸುವ ಮುನ್ನ ತೋರಿಸಿ.

ಆರು ವಾರದ ಈ ತಾಳ್ಮೆ ನಿಮ್ಮನ್ನು ಮತ್ತೆ ನಿಮ್ಮ ನಿಮ್ಮ ಕಾಯಕಕ್ಕೆ ಮರಳಿಸುತ್ತದೆ.