ನೂಲು ಬಟ್ಟೆಗಿಂತ ಉದ್ದ

ಸಾವಳಗಿಯ ಮಕ್ಕಳೇ, ಬನಹಟ್ಟಿಯಲ್ಲಿ ನೇಕಾರಿಕೆ ಮಾಡುವ ನೆಂಟರಿದ್ದರೆ ಅವರಿಗೊಂದು ಪ್ರಶ್ನೆ ಕೇಳಿ. 10 ಮೀಟರ್ ಬಟ್ಟೆ ನೇಯಲು ಹಾಸಿನ ನೂಲು ಎಷ್ಟು ಉದ್ದ ಬೇಕು? ಹತ್ತೇ ಮೀಟರ್ ಎಂದು ಅವರು ಹೇಳುವುದಿಲ್ಲ. ಹಾಸಿನ ಎಳೆ ಹೊಕ್ಕಿನ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ಹಾಯ್ದು ಸಾಗುತ್ತದೆ. ಆ ಏರಿಳಿತವೇ ಒಂದಿಷ್ಟು ನೂಲು ನುಂಗುತ್ತದೆ. ಮಗ್ಗಕ್ಕೆ ಕಟ್ಟಿದ ತುದಿಯಲ್ಲೂ ಒಂದಿಷ್ಟು ಉಳಿಯುತ್ತದೆ.

ಗಾಜಿನ ನೂಲಿಗೂ ಇದೇ ಲೆಕ್ಕ. ಇಂಟರ್‌ನೆಟ್ ಹರಿಯುವ ಆಪ್ಟಿಕಲ್ ಫೈಬರ್ ಎಂದರೆ ಗಾಜಿನ ಎಳೆ. ದಪ್ಪ ಮಿಲಿಮೀಟರಿನ ಎಂಟನೇ ಒಂದು ಪಾಲು. ಗ್ರಾಮ ಪಂಚಾಯತಿಗಳಿಗೆ ಈ ಎಳೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್.

ನೀವು ಫೋನಿನಲ್ಲಿ ನೋಡುವ ವಿಡಿಯೋ ಕೂತಿರುವುದು ಡೇಟಾ ಸೆಂಟರ್ ಎಂಬ ಕಟ್ಟಡದಲ್ಲಿ. ಅಲ್ಲಿ ಕಪಾಟಿನಂಥ ರ್‍ಯಾಕುಗಳ ಸಾಲು, ಒಂದೊಂದೂ ಸುಮಾರು 2 ಮೀಟರ್ ಎತ್ತರ. ಎರಡು ರ್‍ಯಾಕುಗಳ ನಡುವೆ 3 ಮೀಟರ್ ಅಂತರವಿದೆ ಎನ್ನೋಣ. 3 ಮೀಟರ್ ಕೇಬಲ್ ತಂದರೆ ಸಾಕೇ? ಸಾಲದು. ಒಂದು ರ್‍ಯಾಕಿನ ಬುಡದಿಂದ ಮೇಲಕ್ಕೆ 2, ಚಾವಣಿಯಡಿಯ ತಟ್ಟೆಯಲ್ಲಿ 3, ಇನ್ನೊಂದರ ಬುಡಕ್ಕೆ 2. ಅಲ್ಲಿಗೇ 7 ಆಯಿತು. ತಿರುವುಗಳಿಗೆ ಬೇರೆ ಬೇಕು, ಏಕೆಂದರೆ ಗಾಜಿನ ಎಳೆಯನ್ನು ಮೊಣಕೈಯಂತೆ ಮಡಚಿದರೆ ಬೆಳಕು ಹೊರಗೆ ಸೋರುತ್ತದೆ. ಬಳೆಯಂತೆ ದುಂಡಗೆ ಬಾಗಿಸಬೇಕು. ನೂಲು ಹರಿದರೆ ನೇಕಾರರು ಗಂಟು ಹಾಕುತ್ತಾರೆ. ಗಾಜಿಗೆ ಗಂಟಿಲ್ಲ, ವಿದ್ಯುತ್ ಕಿಡಿಯಿಂದ ಎರಡು ತುದಿ ಕರಗಿಸಿ ಬೆಸೆಯಬೇಕು. ಆದ್ದರಿಂದ ತುಸು ಉದ್ದದ್ದನ್ನೇ ತರುತ್ತಾರೆ. ಅತಿಯಾದರೂ ಕಷ್ಟವೇ, ಸುರುಳಿಗಳೇ ರ್‍ಯಾಕ್ ತುಂಬಿಬಿಡುತ್ತವೆ.

ನೆಲದಲ್ಲಿ ಹೂತ ಎಳೆಯನ್ನು ಅಳೆಯುವುದು ಹೇಗೆ? ನನಗೆ ಬಹಳ ಪ್ರಿಯವಾದ ಭಾಗ ಇದು. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗಿದ್ದೀರಲ್ಲ? ಕೂಗು ಗೋಡೆಗೆ ಬಡಿದು ಮರಳಿ ಬರುತ್ತದೆ. ಒಟಿಡಿಆರ್ ಎಂಬ ಯಂತ್ರ ಎಳೆಯೊಳಗೆ ಕೂಗುತ್ತದೆ, ಆದರೆ ಬೆಳಕಿನಿಂದ. ಗಾಜಿನಲ್ಲಿರುವ ಅತಿ ಸಣ್ಣ ಏರುಪೇರುಗಳು ಬೆಳಕನ್ನು ಚದುರಿಸುತ್ತವೆ, ಅದರಲ್ಲಿ ಒಂದು ಚೂರು ಹಿಂದಕ್ಕೆ ಬರುತ್ತದೆ. ನಿಮ್ಮೂರ ಆಕಾಶವನ್ನು ನೀಲಿ ಮಾಡುವುದೂ ಇದೇ ಬಗೆಯ ಚದುರುವಿಕೆ! 1871ರಲ್ಲಿ ಇದನ್ನು ವಿವರಿಸಿದವರು ರ್‍ಯಾಲೆ ಎಂಬ ವಿಜ್ಞಾನಿ.

ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಎಲ್ಲೋ ಜೆಸಿಬಿ ಕೇಬಲ್ ಕತ್ತರಿಸಿತು, ಆ ತುದಿಯಿಂದ ಕೊನೆಯ ಮಾರ್ದನಿ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಬಂತು ಎನ್ನಿ. ಬೆಳಕು ಓಡಿದ್ದು 20 ಕಿಲೋಮೀಟರ್. ಅದು ಹೋಗಿ ಬಂದ ದಾರಿ, ಹಾಗಾಗಿ ತುಂಡಾದದ್ದು 10ರಲ್ಲಿ. (ಒಂದು ಮಾತು: ಕತ್ತರಿಸಿದ ತುದಿಗೆ ಎಂದೂ ಕಣ್ಣಿಡಬೇಡಿ. ಆ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಅಪಾಯ.)

ಹಾಗಾದರೆ ರಸ್ತೆಯ ಹತ್ತನೇ ಕಿಲೋಮೀಟರಿನಲ್ಲಿ ಅಗೆಯೋಣವೇ? ಅಲ್ಲಿ ಸಿಗಲಿಕ್ಕಿಲ್ಲ. ಎಳೆದರೂ ಗಾಜು ಬಿಗಿಯಾಗದಿರಲೆಂದು ಕೇಬಲಿನೊಳಗೆ ಎಳೆಗಳನ್ನು ಸಡಿಲವಾಗಿ, ತುಸು ತಿರುಚಿ ಇಟ್ಟಿರುತ್ತಾರೆ. ಎಳೆ ಕೇಬಲಿಗಿಂತ ಉದ್ದ, ಕೇಬಲು ರಸ್ತೆಗಿಂತ ಉದ್ದ. ದಾರಿಯಲ್ಲಿ ಅಲ್ಲಲ್ಲಿ ಸುರುಳಿ ಸುತ್ತಿ ಬಿಟ್ಟದ್ದೂ ಇರುತ್ತದೆ. ಅದನ್ನೆಲ್ಲ ಕಳೆದು, ಹತ್ತಕ್ಕಿಂತ ಈಚೆಗೇ ಗುದ್ದಲಿ ಹಾಕುತ್ತಾರೆ. ಮಣ್ಣು ಸರಿಸಿದಾಗ ಕೇಬಲಿನ ಸಿಪ್ಪೆಯ ಮೇಲೆ ಮೀಟರಿಗೊಂದರಂತೆ ಅಚ್ಚಾದ ಅಂಕೆ ಕಾಣುತ್ತದೆ. ಇನ್ನೆಷ್ಟು ಮೀಟರ್ ಮುಂದೆ ಹೋಗಬೇಕೆಂದು ಆ ಅಂಕೆಯೇ ಹೇಳುತ್ತದೆ.